ಆ ಹುಡುಗಿಗೆ ಹೇಳಿದ್ದಾನಾ?

ಹೋದ ವರ್ಷ ಅಮ್ಮನ ಕಣ್ಣಿನ ಪೊರೆ ತೆಗೆಸಿದೆವು. ಮೊದಲು ಬಲಗಣ್ಣು, ತಿಂಗಳು ಬಿಟ್ಟು ಎಡಗಣ್ಣು. ಅಮ್ಮನಿಗೆ 78. ಬಗ್ಗುವ ಹಾಗಿಲ್ಲ, ತಲೆಗೆ ನೀರು ಹಾಕಿಕೊಳ್ಳುವ ಹಾಗಿಲ್ಲ, ಒಲೆ ಮುಂದೆ ನಿಲ್ಲುವ ಹಾಗಿಲ್ಲ. ಅದನ್ನೆಲ್ಲ ಸಹಿಸಿಕೊಂಡಳು. ಓದುವ ಹಾಗಿಲ್ಲ ಅಂದಿದ್ದನ್ನು ಮಾತ್ರ ಸಹಿಸಲಿಲ್ಲ. ಕಪ್ಪು ಕನ್ನಡಕ ಹಾಕಿಕೊಂಡು ಮಂಚದ ಮೇಲೆ ಕೂತು, ನಾನು ಬ್ಯಾಂಕಿನಿಂದ ಬಂದು ಕಾಲು ತೊಳೆಯುವಷ್ಟರಲ್ಲಿ, ‘ಏನಾದ್ರೂ ಓದಿ ಹೇಳೇ’ ಅಂತ ಶುರು ಮಾಡುತ್ತಿದ್ದಳು.

ಮೊದಲ ನಾಲ್ಕು ದಿನ ಪೇಪರು, ಸುಧಾ, ತರಂಗದಲ್ಲಿ ಕಳೆಯಿತು. ಐದನೇ ದಿನ ಓದಲು ಏನೂ ಉಳಿದಿರಲಿಲ್ಲ. ‘ನೀನು ರಾತ್ರಿ ಓದ್ತಾ ಇರ್ತೀಯಲ್ಲ, ಅದನ್ನೇ ಓದು’ ಅಂದಳು.

ನಾನು ಓದುತ್ತಿದ್ದದ್ದು ವಸುಧೇಂದ್ರರ ‘ಮೋಹನಸ್ವಾಮಿ’. ಗಂಡಸನ್ನು ಪ್ರೀತಿಸುವ ಗಂಡಸಿನ ಕತೆಗಳು. ಮೂರನೇ ಸಲ. ಹಳೇ ಕ್ಯಾಲೆಂಡರಿನ ಹಾಳೆ ಹಾಕಿ ಬೈಂಡ್ ಮಾಡಿಟ್ಟ ಪುಸ್ತಕ ಅದು. ಆ ರಟ್ಟಿನ ಕತೆಯನ್ನು ಮೊದಲು ಹೇಳಿಬಿಡುತ್ತೇನೆ.

ಪುಸ್ತಕ ಬಂದದ್ದು 2013ರಲ್ಲಿ. ಆಗ ನಾನು ದಿನಾ ಶಿವಮೊಗ್ಗದಿಂದ ಭದ್ರಾವತಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಸೀಟು ಸಿಕ್ಕರೆ ಅರ್ಧ ಗಂಟೆ ಓದು. ವಸುಧೇಂದ್ರ ಅಂದರೆ ನಮ್ಮ ಮನೆಯಲ್ಲಿ ‘ನಮ್ಮಮ್ಮ ಅಂದ್ರೆ ನಂಗಿಷ್ಟ’ ಬರೆದವರು. ಅಮ್ಮ ಅದನ್ನು ಓದಿ, ಬಿದ್ದು ಬಿದ್ದು ನಕ್ಕು, ಆಮೇಲೆ ಕಣ್ಣು ಒರೆಸಿಕೊಂಡವಳು. ಅದೇ ಧೈರ್ಯದ ಮೇಲೆ ಹೊಸ ಪುಸ್ತಕ ಕೊಂಡು ಬಸ್ಸಿನಲ್ಲಿ ತೆರೆದೆ. ನಾಲ್ಕು ಪುಟ ದಾಟಿತು. ಪಕ್ಕದಲ್ಲಿ ಕೂತ ಹೆಂಗಸು ಎಲ್ಲರ ಹಾಗೆ ನನ್ನ ಪುಸ್ತಕದೊಳಗೆ ಕಣ್ಣು ಹಾಕಿದ್ದರು. ನಾನು ಪಟಕ್ಕನೆ ಮುಚ್ಚಿಬಿಟ್ಟೆ. ಮನೆಗೆ ಬಂದು ರಟ್ಟು ಹಾಕಿದೆ. ರಟ್ಟು ಹಾಕಿದರೆ ಒಳಗಿನ ಪುಟ ಕಾಣುವುದಿಲ್ಲವಾ? ಕಾಣುತ್ತದೆ. ಆದರೂ ಹಾಕಿದೆ.

ತಮಾಷೆ ಅಂದರೆ ಅದೇ ಬಸ್ಸಿನಲ್ಲಿ, ಅದಕ್ಕೂ ಮುಂಚೆ, ಇಂಗ್ಲೆಂಡಿನ ಕಾದಂಬರಿಕಾರ ಇ.ಎಂ. ಫಾರ್ಸ್ಟರ್‌ನ ‘ಮಾರಿಸ್’ ಓದಿ ಮುಗಿಸಿದ್ದೆ. ಯಾವ ರಟ್ಟೂ ಇಲ್ಲದೆ. ಇಂಗ್ಲಿಷಿನಲ್ಲಿ ಇಬ್ಬರು ಗಂಡಸರು ಪ್ರೀತಿಸಿದರೆ ಅದು ಕೇಂಬ್ರಿಡ್ಜಿನಲ್ಲಿ ನಡೆಯುವ ಸಂಗತಿ. ಕನ್ನಡದಲ್ಲಿ ಪ್ರೀತಿಸಿದರೆ ಪಕ್ಕದ ಮನೆ. ಅದೇ ಮಾತು, ಅದೇ ಬೈಗುಳ, ಅದೇ ತಿಳಿಸಾರು. ಇಂಗ್ಲಿಷಿನಲ್ಲಿ ಓದುವಾಗ ನಾನು ದೊಡ್ಡ ಮನಸ್ಸಿನವಳಾಗಿದ್ದೆ. ಕನ್ನಡದಲ್ಲಿ ಕ್ಯಾಲೆಂಡರ್ ಹಾಳೆ ಹುಡುಕಿದೆ.

ಕನ್ನಡದಲ್ಲಿ ಪದಗಳದ್ದೂ ಒಂದು ತೊಡಕು. ಪತ್ರಿಕೆಯ ಪದ ‘ಸಲಿಂಗಕಾಮಿ’. ಗಂಡ ಹೆಂಡತಿಯನ್ನು ಯಾರೂ ‘ಭಿನ್ನಲಿಂಗಕಾಮಿಗಳು’ ಅಂತ ಕರೆಯುವುದಿಲ್ಲ. ಇವರಿಗೆ ಮಾತ್ರ ಹೆಸರಿನಲ್ಲೇ ಕಾಮ ಅಂಟಿಸಿ ಕೂರಿಸಿದ್ದೇವೆ. ಮನೆಯೊಳಗೆ ಆ ಪದವೂ ಇಲ್ಲ. ‘ಅವನು ಸ್ವಲ್ಪ ಹಾಗೆ’ ಅನ್ನುತ್ತಾರೆ. ಹಾಗೆ ಅಂದರೆ ಹೇಗೆ ಅಂತ ಯಾರೂ ಕೇಳುವುದಿಲ್ಲ.

ಸರಿ, ಅಮ್ಮನ ಕತೆಗೆ ಬರುತ್ತೇನೆ. ಓದಲು ಕೂತೆ. ಮೊದಲ ಕತೆ. ಮೋಹನಸ್ವಾಮಿಯ ಜತೆ ಒಂದೇ ಮನೆಯಲ್ಲಿದ್ದ ಕಾರ್ತಿಕ್ ಒಂದು ಹುಡುಗಿಯನ್ನು ಮದುವೆಯಾಗಲು ಹೊರಡುತ್ತಾನೆ. ಇಂಗ್ಲಿಷ್ ಅನುವಾದದಲ್ಲಿ ಆ ಕತೆಗೆ ‘ಗಾರ್ಡಿಯನ್ ನಾಟ್’ ಅಂತ ಹೆಸರು. ಬಿಡಿಸಲಾಗದ ಗಂಟು. ನಾನು ಓದುತ್ತಾ ಓದುತ್ತಾ ಕೆಲವು ಸಾಲು ಹಾರಿಸಿದೆ. ಅಮ್ಮನ ಮುಂದೆ ಬಾಯಿಂದ ಹೊರಡದ ಸಾಲುಗಳು. ಎರಡನೇ ಸಲ ಹಾರಿಸಿದಾಗ ಅಮ್ಮ, ‘ಯಾಕೆ, ಮಧ್ಯ ಬಿಟ್ಟೆ?’ ಅಂದಳು. ಕಣ್ಣು ಕಟ್ಟಿಕೊಂಡವರಿಗೆ ಕಿವಿ ಚುರುಕು.

‘ಅದೇನೋ ಅಮ್ಮ, ಅಷ್ಟು ಮುಖ್ಯ ಅಲ್ಲ.’

‘ಮುಖ್ಯ ಅಲ್ದೇ ಇದ್ರೆ ಬರೀತಿದ್ರಾ? ಓದು.’

ಓದಿದೆ. ಗಂಟಲು ಸರಿ ಮಾಡಿಕೊಂಡು, ಬ್ಯಾಂಕಿನ ಸುತ್ತೋಲೆ ಓದುವ ದನಿಯಲ್ಲಿ ಓದಿದೆ. ಮುಗಿಯಿತು. ಅಮ್ಮ ತುಂಬ ಹೊತ್ತು ಮಾತಾಡಲಿಲ್ಲ. ಬಯ್ಯುತ್ತಾಳೆ ಅಂದುಕೊಂಡೆ. ‘ಇಂಥದ್ದೆಲ್ಲ ಬರೀತಾರಾ ಈಗ’ ಅನ್ನಬಹುದು ಅಂದುಕೊಂಡೆ. ಅವಳು ಕೇಳಿದ್ದು ಬೇರೆ.

‘ಆ ಹುಡುಗಿಗೆ ಹೇಳಿದ್ದಾನಾ?’

‘ಯಾವ ಹುಡುಗಿಗಮ್ಮ?’

‘ಮದುವೆ ಆಗ್ತಿರೋಳಿಗೆ.’

ಹೇಳಿರಲ್ಲ ಬಿಡಮ್ಮ, ಅಂದೆ. ಕತೆ ಇರೋದು ಮೋಹನಸ್ವಾಮಿ ಬಗ್ಗೆ, ಅಂತಲೂ ಸೇರಿಸಿದೆ. ಅಮ್ಮ ಹೂಂ ಅಂದು ಗೋಡೆ ಕಡೆ ತಿರುಗಿ ಮಲಗಿದಳು. ಮೂರು ಸಲ ಓದಿದ್ದೆ ನಾನು. ಮೂರು ಸಲವೂ ಅತ್ತದ್ದು ಮೋಹನಸ್ವಾಮಿಗಾಗಿ. ಆ ಹುಡುಗಿ ಎಲ್ಲಿದ್ದಾಳೆ ಅಂತ ಒಂದು ಸಲವೂ ಹುಡುಕಿರಲಿಲ್ಲ. ಅದೂ ನಮ್ಮ ಮನೆಯಲ್ಲೇ ಅಂಥ ಹುಡುಗಿ ಒಬ್ಬಳು ಇರುವಾಗ.

ನಮ್ಮ ಚಿಕ್ಕಮ್ಮನ ಮಗಳು. ಹೆಸರು ಬೇಡ. ನನಗಿಂತ ಆರು ವರ್ಷ ಚಿಕ್ಕವಳು. ಬೆಂಗಳೂರಿನ ಇಂಜಿನಿಯರ್ ಹುಡುಗ, ಒಳ್ಳೆ ಮನೆತನ, ಛತ್ರದಲ್ಲಿ ಎರಡು ದಿನದ ಮದುವೆ. ಮಂಡಿಗೆ ಮಾಡಿಸಿದ್ದರು, ಅದನ್ನು ಇವತ್ತಿಗೂ ನಮ್ಮ ಕಡೆ ನೆನೆಸಿಕೊಳ್ಳುತ್ತಾರೆ. ಎರಡು ವರ್ಷಕ್ಕೆ ಅವಳು ಎರಡು ಸೂಟ್‌ಕೇಸ್ ಹಿಡಿದು ತವರಿಗೆ ಬಂದಳು. ‘ಹೊಂದಾಣಿಕೆ ಆಗಲಿಲ್ಲ’ ಅಂದರು. ಅದಕ್ಕೂ ಮುಂಚೆ ಅವಳನ್ನು ಇಬ್ಬರು ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದರು. ಸರ್ಪಸಂಸ್ಕಾರ ಮಾಡಿಸಿದ್ದರು. ಹುಡುಗನನ್ನು ಯಾರೂ ಎಲ್ಲಿಗೂ ಕರೆದುಕೊಂಡು ಹೋಗಲಿಲ್ಲ.

ಹತ್ತು ವರ್ಷ ಕಳೆದ ಮೇಲೆ, ಒಂದು ಶ್ರಾದ್ಧದ ಮಧ್ಯಾಹ್ನ, ಹಿತ್ತಲ ಕಟ್ಟೆ ಮೇಲೆ ಕೂತು ಬಾಳೆಎಲೆ ಒರೆಸುತ್ತಿದ್ದಾಗ ಅವಳು ನನಗೆ ಹೇಳಿದಳು. ನಾನು ಏನೂ ಕೇಳಿರಲಿಲ್ಲ. ‘ಅವರಿಗೆ ಒಬ್ಬರು ಫ್ರೆಂಡ್ ಇದ್ರು ಅಕ್ಕ’ ಅಂದಳು. ಅಷ್ಟೇ. ಸ್ವಲ್ಪ ಹೊತ್ತು ಬಿಟ್ಟು, ‘ಅವರು ಒಳ್ಳೆಯವರೇ. ಕೆಟ್ಟವರಾಗಿದ್ರೆ ಬಯ್ದು ಬಿಡಬಹುದಿತ್ತು’ ಅಂದಳು. ಕೈಯಲ್ಲಿದ್ದ ಎಲೆಯನ್ನು ಒಂದೇ ಕಡೆ ಒರೆಸುತ್ತಲೇ ಇದ್ದಳು. ಎಲೆ ಸೀಳಿತು. ಅದನ್ನು ಪಕ್ಕಕ್ಕಿಟ್ಟು ಬೇರೆ ಎಲೆ ತಗೊಂಡಳು.

ಅಮ್ಮನ ಪ್ರಶ್ನೆಯಾದ ಮೇಲೆ ನಾನು ಓದಿದ ಪುಸ್ತಕಗಳನ್ನೆಲ್ಲ ಕಪಾಟಿನಿಂದ ಇಳಿಸಿ ಮತ್ತೆ ಓದಲು ಹಿಡಿದೆ. ಈ ಸಲ ಆ ಹುಡುಗಿಯನ್ನು ಹುಡುಕಿಕೊಂಡು. ಇಡೀ ವರ್ಷದ ನನ್ನ ಓದು ಹೀಗೇ ನಡೆದಿದೆ.

‘ಮಾರಿಸ್’ನಿಂದಲೇ ಶುರು. ಫಾರ್ಸ್ಟರ್ ಅದನ್ನು ಬರೆದದ್ದು 1913–14ರಲ್ಲಿ. ಬದುಕಿರುವಾಗ ಅಚ್ಚು ಹಾಕಿಸಲಿಲ್ಲ. 1967ರಲ್ಲಿ ಇಂಗ್ಲೆಂಡಿನ ಕಾನೂನು ಸಡಿಲವಾಯಿತು, ಆಗಲೂ ಹೊರಗೆ ತೆಗೆಯಲಿಲ್ಲ. 1970ರಲ್ಲಿ ತೀರಿಕೊಂಡ. ಮರುವರ್ಷ ಪುಸ್ತಕ ಬಂತು. ಅಷ್ಟು ವರ್ಷ ಮುಚ್ಚಿಟ್ಟದ್ದಕ್ಕೆ ಮುಖ್ಯ ಕಾರಣ ಅದರ ಕೊನೆ. ಕತೆ ಸುಖಾಂತವೇ ಆಗಬೇಕು ಅಂತ ಆತ ಹಟ ಹಿಡಿದಿದ್ದ. ಇಬ್ಬರಲ್ಲಿ ಒಬ್ಬ ಸತ್ತಿದ್ದರೆ, ಇಲ್ಲಾ ಜೈಲಿಗೆ ಹೋಗಿದ್ದರೆ, ಪ್ರಕಟಿಸುವುದು ಸುಲಭವಾಗುತ್ತಿತ್ತು. ಮಾರಿಸ್ ಮತ್ತು ತೋಟದ ಕಾವಲಿನ ಅಲೆಕ್ ಕೂಡಿ ಬಾಳುವುದಕ್ಕೆ ಹೋಗಿಬಿಡುತ್ತಾರೆ. ನನಗೆ ಈ ಹಟ ತುಂಬ ಇಷ್ಟ. ಪ್ರೀತಿಸಿದವರು ಸಾಯಲೇಬೇಕು ಅಂತ ಬರೆಯುವ ಕಾದಂಬರಿಗಳನ್ನು ಓದಿ ಓದಿ ಸಾಕಾಗಿದೆ.

ಆದರೆ ಈ ಸಲ ಕಣ್ಣಿಗೆ ಬಿದ್ದದ್ದು ಆನ್. ಮಾರಿಸ್‌ನ ಮೊದಲ ಗೆಳೆಯ ಕ್ಲೈವ್. ಅವನು ‘ಸರಿಹೋಗುತ್ತಾನೆ’, ಆನ್ ಎಂಬವಳನ್ನು ಮದುವೆಯಾಗುತ್ತಾನೆ, ರಾಜಕೀಯಕ್ಕೆ ಇಳಿಯುತ್ತಾನೆ. ಕಾದಂಬರಿ ಮುಗಿಯುವುದು ಮಾರಿಸ್ ಮೇಲೆ ಅಲ್ಲ. ಕ್ಲೈವ್ ಮನೆಯೊಳಗೆ ಹೋಗುತ್ತಾನೆ, ಈ ಸಂಗತಿಯನ್ನು ಆನ್‌ಗೆ ಗೊತ್ತಾಗದ ಹಾಗೆ ಹೇಗೆ ಮುಚ್ಚಿಡುವುದು ಅಂತ ಯೋಚಿಸಲು. ಅಲ್ಲಿಗೆ ಪುಸ್ತಕ ಮುಚ್ಚುತ್ತದೆ. ಮೊದಲ ಸಲ ಓದಿದಾಗ ಆ ಸಾಲನ್ನು ಕ್ಲೈವ್‌ಗೆ ಕೊಟ್ಟ ಪೆಟ್ಟು ಅಂತ ಓದಿಕೊಂಡಿದ್ದೆ. ಈಗ ಒಳಕೋಣೆಯಲ್ಲಿ ಕೂತಿರುವ ಆನ್ ಕಾಣುತ್ತಾಳೆ. ಅವಳಿಗೆ ಒಂದು ಪುಟವೂ ಇಲ್ಲ. ತಾನು ಯಾವ ಕತೆಯಲ್ಲಿದ್ದೇನೆ ಅನ್ನುವುದೇ ಅವಳಿಗೆ ಗೊತ್ತಿಲ್ಲ.

ಜೇಮ್ಸ್ ಬಾಲ್ಡ್‌ವಿನ್‌ನ ‘ಜೊವಾನಿಸ್ ರೂಮ್’ 1956ರದ್ದು. ಮೊದಲ ಕಾದಂಬರಿ ಹಾಕಿದ್ದ ಪ್ರಕಾಶಕರು ಇದನ್ನು ಬೇಡವೆಂದರು. ಕಪ್ಪು ಲೇಖಕ, ಬಿಳಿಯರ ಕತೆ, ಅದೂ ಇಂಥ ಕತೆ. ಬೇರೆಯವರು ತಂದರು. ಪ್ಯಾರಿಸ್‌ನಲ್ಲಿರುವ ಅಮೆರಿಕನ್ ಹುಡುಗ ಡೇವಿಡ್, ಬಾರಿನಲ್ಲಿ ಕೆಲಸ ಮಾಡುವ ಇಟಲಿಯ ಜೊವಾನಿ. ಡೇವಿಡ್ ಮದುವೆಗೆ ಕೇಳಿದ ಹೆಲಾ ಯೋಚನೆ ಮಾಡುತ್ತೇನೆ ಅಂತ ಸ್ಪೇನಿಗೆ ಹೋಗಿರುತ್ತಾಳೆ. ಅವಳು ಯೋಚನೆ ಮುಗಿಸಿ ಬರುವಷ್ಟರಲ್ಲಿ ಇಲ್ಲಿ ಎಲ್ಲ ಆಗಿಹೋಗಿದೆ. ಈ ಪುಸ್ತಕದ ಕೋಣೆಯನ್ನು ಮರೆಯಲು ಆಗುವುದಿಲ್ಲ. ಇಕ್ಕಟ್ಟು, ಕೊಳಕು, ಕಸ, ಯಾರೂ ಒಳಗೆ ನೋಡದ ಹಾಗೆ ಬಳಿದು ಮಬ್ಬು ಮಾಡಿದ ಕಿಟಕಿ ಗಾಜು. ಡೇವಿಡ್‌ನ ಮೇಲೆ ನನಗೆ ಮರುಕ ಹುಟ್ಟಲಿಲ್ಲ. ಅವನಿಗೆ ಜೊವಾನಿಯನ್ನೂ ಪೂರ್ತಿ ಪ್ರೀತಿಸಲಾಗದು, ಹೆಲಾಳಿಗೆ ನಿಜವನ್ನೂ ಹೇಳಲಾಗದು. ಬಾಲ್ಡ್‌ವಿನ್‌ನ ದೊಡ್ಡತನ ಅಂದರೆ ಡೇವಿಡ್‌ನನ್ನು ಆತ ಬಿಟ್ಟುಕೊಡುವುದೂ ಇಲ್ಲ, ಬಿಟ್ಟುಬಿಡುವುದೂ ಇಲ್ಲ. ಮತ್ತೆ ಹೆಲಾ ತಾನೇ ಹೋಗಿ ಕಣ್ಣಾರೆ ನೋಡಿ, ಬಾಯಿಬಿಟ್ಟು ಮಾತಾಡಿ, ಹಡಗು ಹತ್ತುತ್ತಾಳೆ. ಆನ್‌ಗೆ ಸಿಗದೇ ಹೋದ ಪುಟಗಳು ಹೆಲಾಳಿಗೆ ಸಿಕ್ಕಿವೆ. ನಮ್ಮ ಹುಡುಗಿಗೆ ಹಡಗು ಇರಲಿಲ್ಲ. ಕೆ.ಎಸ್.ಆರ್.ಟಿ.ಸಿ. ಬಸ್ಸಿತ್ತು, ತವರು ಇತ್ತು.

ಇದನ್ನೆಲ್ಲ ಹುಡುಕುತ್ತಾ ಹೋದವಳಿಗೆ, ನನಗೆ ಬೇಕಾದ ಕತೆಯನ್ನು ಇಬ್ಬರು ಗಂಡಸರಿಗಿಂತ ಎಷ್ಟೋ ಚೆನ್ನಾಗಿ ಒಬ್ಬ ಹೆಂಗಸು 1942ರಲ್ಲೇ ಬರೆದಿಟ್ಟಿದ್ದಾಳೆ ಅನ್ನುವುದು ಹೊಳೆದದ್ದು ಆಮೇಲೆ. ಉರ್ದು ಕತೆಗಾರ್ತಿ ಇಸ್ಮತ್ ಚುಗ್ತಾಯಿಯ ‘ಲಿಹಾಫ್’. ಲಿಹಾಫ್ ಅಂದರೆ ರಜಾಯಿ. ಕಾಲೇಜಿನಲ್ಲಿ ಯಾರೋ ಕಿಸಿಕಿಸಿ ನಗುತ್ತಾ ಇದರ ಹೆಸರು ಹೇಳಿದ್ದರು. ‘ಇಬ್ಬರು ಹೆಂಗಸರ ಕತೆ’ ಅಂತ. ಹೌದು, ಆದರೆ ಅದಕ್ಕೂ ಮುಂಚೆ ಅದು ಒಬ್ಬ ಹೆಂಡತಿಯ ಕತೆ. ಬೇಗಂ ಜಾನ್ ಬಡವರ ಮನೆಯ ಹುಡುಗಿ. ವಯಸ್ಸಾದ ನವಾಬನಿಗೆ ಕೊಟ್ಟು ಮದುವೆ ಮಾಡುತ್ತಾರೆ. ನವಾಬ ಬಹಳ ಒಳ್ಳೆಯವನು ಅಂತ ಹೆಸರು. ಸೂಳೆಯರ ಸಹವಾಸ ಇಲ್ಲ, ಹಜ್ ಮಾಡಿಬಂದವನು. ಅವನ ಮನೆ ತುಂಬ ಓದುವ ಹುಡುಗರು. ತೆಳ್ಳಗೆ, ಬೆಳ್ಳಗೆ, ಸಣ್ಣ ನಡುವಿನ ಹುಡುಗರು. ಅವರ ಖರ್ಚೆಲ್ಲ ಅವನದೇ. ಬೇಗಂ ಜಾನ್‌ಳನ್ನು ಮನೆಯ ಸಾಮಾನುಗಳ ಜತೆ ಒಂದು ಸಾಮಾನಿನ ಹಾಗೆ ಇಟ್ಟು ಮರೆತುಬಿಡುತ್ತಾನೆ.

‘ಅವರು ಒಳ್ಳೆಯವರೇ ಅಕ್ಕ’ ಅಂದ ದನಿ ಇಲ್ಲಿ ನನಗೆ ಮತ್ತೆ ಕೇಳಿಸಿತು.

ಆಮೇಲೆ ಮೈ ಉಜ್ಜುವ ಕೆಲಸದ ರಬ್ಬೂ ಬರುತ್ತಾಳೆ. ಒಣಗುತ್ತಿದ್ದ ಬೇಗಂ ಜಾನ್ ತುಂಬಿಕೊಳ್ಳುತ್ತಾಳೆ. ಇದನ್ನೆಲ್ಲ ಹೇಳುವುದು ಮನೆಗೆ ಬಂದಿರುವ ಒಬ್ಬ ಚಿಕ್ಕ ಹುಡುಗಿ. ಅವಳಿಗೆ ಕಾಣುವುದು ಇಷ್ಟೇ: ರಾತ್ರಿ ರಜಾಯಿ ಅಲ್ಲಾಡುತ್ತದೆ, ಗೋಡೆ ಮೇಲೆ ಅದರ ನೆರಳು ಆನೆಯ ಹಾಗೆ ತೂಗುತ್ತದೆ. ಅವಳಿಗೆ ಭಯ. ಲಾಹೋರಿನ ಕೋರ್ಟಿನಲ್ಲಿ ಈ ಕತೆಯ ಮೇಲೆ ಅಶ್ಲೀಲದ ಕೇಸು ಹಾಕಿದರು. ಒಂದೂ ಅಶ್ಲೀಲ ಪದ ಸಿಗಲಿಲ್ಲ. ‘ಆಶಿಕ್’, ಅಂದರೆ ಪ್ರೇಮಿ, ಎಂಬ ಪದವೇ ಕೆಟ್ಟದ್ದು ಅಂತ ಒಬ್ಬ ಸಾಕ್ಷಿ ವಾದಿಸಿದನಂತೆ. ಇಸ್ಮತ್ ಗೆದ್ದಳು. ಮಾಂಟೋ ಮೇಲೂ ಬೇರೆ ಕತೆಗಾಗಿ ಅಲ್ಲೇ ಕೇಸು ಇತ್ತು, ಇಬ್ಬರೂ ಲಾಹೋರಿನಲ್ಲಿ ಅಂಗಡಿ ಸುತ್ತಿ ಚಪ್ಪಲಿ ಕೊಂಡರಂತೆ. ಈ ಚಪ್ಪಲಿಯ ವಿಷಯ ನನಗೆ ಯಾಕೋ ತುಂಬ ಸಮಾಧಾನ ಕೊಡುತ್ತದೆ.

ಆದರೂ ಇದು ಬರೀ ಹಾಡಿಹೊಗಳುವ ಕತೆ ಅಲ್ಲ. ರಬ್ಬೂ ಊರಿಗೆ ಹೋದಾಗ ಬೇಗಂ ಜಾನ್ ಆ ಹುಡುಗಿಯ ಮೈ ಮುಟ್ಟುವ ಭಾಗ ಇದೆ. ಓದಲು ಕಸಿವಿಸಿಯಾಗುತ್ತದೆ, ಆಗಬೇಕು. ಅನ್ಯಾಯ ತಿಂದವಳು ಅನ್ಯಾಯ ಮಾಡುವುದಿಲ್ಲ ಅಂತ ಇಸ್ಮತ್ ಸುಳ್ಳು ಹೇಳಲಿಲ್ಲ. ಇದನ್ನು ಅಮ್ಮನಿಗೆ ಓದಿ ಹೇಳಲಿಲ್ಲ. ಧೈರ್ಯ ಬರಲಿಲ್ಲ ಅನ್ನುವುದೇ ಸರಿ.

ಇಷ್ಟು ಹೊತ್ತಿಗೆ ನಾನು ಒಳ್ಳೇ ಸಿಟ್ಟಿನ ಓದುಗಿಯಾಗಿದ್ದೆ. ಯಾವ ಪುಸ್ತಕ ತೆರೆದರೂ ಹೆಂಡತಿಯ ಪರ ವಕೀಲಿಕೆ. ಆ ಸಿಟ್ಟನ್ನು ಸ್ವಲ್ಪ ಇಳಿಸಿದ್ದು ಒಂದು ಮರಾಠಿ ಕಾದಂಬರಿ. ಸಚಿನ್ ಕುಂಡಲ್ಕರ್ ಅವರ ‘ಕೋಬಾಲ್ಟ್ ಬ್ಲೂ’, 2006ರದ್ದು. ನಾನು ಓದಿದ್ದು ಜೆರ‍್ರಿ ಪಿಂಟೋ ಅವರ ಇಂಗ್ಲಿಷ್ ಅನುವಾದ. ಪುಣೆಯ ಒಂದು ಮಧ್ಯಮ ವರ್ಗದ ಮನೆ. ಮೇಲಿನ ಕೋಣೆಗೆ ಒಬ್ಬ ಪೇಯಿಂಗ್ ಗೆಸ್ಟ್ ಬರುತ್ತಾನೆ. ಮನೆಯ ಮಗ ತನಯ್ ಅವನನ್ನು ಪ್ರೀತಿಸುತ್ತಾನೆ. ಮಗಳು ಅನುಜಾಳೂ ಅವನನ್ನೇ ಪ್ರೀತಿಸುತ್ತಾಳೆ. ಅವಳು ಅವನ ಜತೆ ಓಡಿಹೋಗಿ, ಆರು ತಿಂಗಳಿಗೆ ಒಬ್ಬಳೇ ವಾಪಸ್ ಬರುತ್ತಾಳೆ. ಪುಸ್ತಕದ ಅರ್ಧ ಅಣ್ಣನ ಮಾತು, ಇನ್ನರ್ಧ ತಂಗಿಯ ಡೈರಿ.

ಕತೆ ಅಂತ ಹೇಳಿದರೆ ಸಿನಿಮಾದ ಹಾಗೆ ಕೇಳುತ್ತದೆ. ಓದುವಾಗ ಹಾಗಿಲ್ಲ. ಒಂದೇ ಮನೆ, ಒಂದೇ ಊಟದ ಮೇಜು, ಒಬ್ಬನೇ ಮನುಷ್ಯನಿಗಾಗಿ ಇಬ್ಬರ ದುಃಖ. ತಂಗಿ ಅಳಬಹುದು. ಮನೆಯವರು ಬಯ್ಯುತ್ತಾರೆ, ಡಾಕ್ಟರನ್ನು ತೋರಿಸುತ್ತಾರೆ, ಊರು ಮಾತಾಡುತ್ತದೆ. ಅವಳ ದುಃಖಕ್ಕೆ ಒಂದು ಹೆಸರಾದರೂ ಇದೆ. ಅಣ್ಣ ಅದೇ ದುಃಖ ಇಟ್ಟುಕೊಂಡು ಅವಳನ್ನೇ ಸಮಾಧಾನ ಮಾಡುವವರ ಸಾಲಿನಲ್ಲಿ ನಿಲ್ಲಬೇಕು. ಆ ಪುಟಗಳಲ್ಲಿ ನನ್ನ ವಕೀಲಿಕೆ ಸ್ವಲ್ಪ ತಡವರಿಸಿತು. ನಮ್ಮ ಹುಡುಗಿಯ ಗಂಡನ ಆ ಫ್ರೆಂಡ್ ಮದುವೆಗೆ ಬಂದಿದ್ದನಾ? ಮಂಡಿಗೆ ತಿಂದನಾ? ಅಕ್ಕಿಕಾಳು ಹಾಕಿದನಾ? ನನಗೆ ಇದು ಮುಂಚೆ ಹೊಳೆದೇ ಇರಲಿಲ್ಲ.

ನನ್ನ ಪ್ರಶ್ನೆಯಲ್ಲೂ ಒಂದು ಅನ್ಯಾಯ ಇದೆ ಅನಿಸಿದ್ದು ಆಗಲೇ. ಹೆಂಡತಿಯ ದುಃಖಕ್ಕೆ ಕನ್ನಡ ಕಾದಂಬರಿಗಳಲ್ಲಿ ಬರವೇ? ತ್ರಿವೇಣಿಯವರಿಂದ ಹಿಡಿದು ಬಾನು ಮುಷ್ತಾಕ್ ಅವರವರೆಗೂ ಬೇಕಾದಷ್ಟಿದೆ. ಮೋಹನಸ್ವಾಮಿಗೆ ಇದ್ದದ್ದು ಒಂದು ಪುಸ್ತಕ. ಅದೂ ಯಾವಾಗ? 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್, ದೆಹಲಿ ಹೈಕೋರ್ಟಿನ 2009ರ ತೀರ್ಪನ್ನು ತಳ್ಳಿಹಾಕಿ ಇಂಥ ಪ್ರೀತಿಯನ್ನು ಅಪರಾಧ ಅನ್ನುವ 377ನೇ ಸೆಕ್ಷನ್ನಿಗೆ ಮತ್ತೆ ಜೀವ ಕೊಟ್ಟಿತು. ಅದೇ ವರ್ಷದ ಪುಸ್ತಕ ಅದು. 2018ರ ಸೆಪ್ಟೆಂಬರ್ 6ರಂದು ಅದೇ ಕೋರ್ಟು ತಿದ್ದಿಕೊಳ್ಳುವವರೆಗೆ ಅದರ ನಾಯಕ ಕಾನೂನಿನ ಕಣ್ಣಲ್ಲಿ ಅಪರಾಧಿ. ಅಂಥ ಹೊತ್ತಿನಲ್ಲಿ ಬಾಯಿ ತೆರೆದವನಿಗೆ, ‘ಇರು, ನಿನ್ನ ಗೆಳೆಯ ಮದುವೆಯಾದ ಹುಡುಗಿಯ ಕತೆಯನ್ನೂ ನೀನೇ ಹೇಳು’ ಅಂತ ಕೇಳುವುದು ಜಾಸ್ತಿಯೇ ಆಯಿತು, ಅಲ್ವಾ?

ಅದೇ 2013ರಲ್ಲೇ ಬಂದ ಇನ್ನೊಂದು ಕನ್ನಡ ಕತೆ ವಿವೇಕ ಶಾನಭಾಗರ ‘ಘಾಚರ್ ಘೋಚರ್’. ಇದಕ್ಕೂ ಅದಕ್ಕೂ ಸಂಬಂಧವೇನಿಲ್ಲ ಅಂದುಕೊಂಡೇ ಮತ್ತೆ ಓದಿದೆ. ಸಂಬಂಧ ಇದೆ. ಅಲ್ಲಿ ಗಂಟು, ಇಲ್ಲೂ ಗಂಟು. ಬಿಡಿಸಲಾಗದ ಹಾಗೆ ಸಿಕ್ಕಾಗಿರುವುದಕ್ಕೆ ಅನಿತಾಳ ತವರಿನಲ್ಲಿ ಹುಟ್ಟಿದ, ಯಾವ ನಿಘಂಟಿನಲ್ಲೂ ಇಲ್ಲದ ಮಾತು ಘಾಚರ್ ಘೋಚರ್. ಮದುವೆಯಾಗಿ ಬಂದ ಅನಿತಾ ಆ ಪದವನ್ನು ಗಂಡನಿಗೆ ಕೊಡುತ್ತಾಳೆ. ಇಬ್ಬರ ನಡುವೆ ಇರುವ ಒಂದೇ ಸ್ವಂತ ಆಸ್ತಿ ಅದು. ಗಂಡ ಯಾವ ಗುಟ್ಟಿನ ಪ್ರೇಮಿಯನ್ನೂ ಇಟ್ಟುಕೊಂಡಿಲ್ಲ. ಅವನು ಪ್ರೀತಿಸುವುದು ತನ್ನ ಮನೆಯ ಸುಖವನ್ನು, ಚಿಕ್ಕಪ್ಪನ ದುಡ್ಡಿನ ನೆರಳನ್ನು. ಅನಿತಾ ಅಲ್ಲೂ ಹೊರಗಿನವಳೇ. ಮನೆಯವರೆಲ್ಲ ಇರುವೆ ಹೊಸಕುವ ಹಾಗೆ ನಗುನಗುತ್ತಾ ಮಾತಾಡುತ್ತಾರೆ. ಓದುತ್ತಾ ಓದುತ್ತಾ ಮೈ ಜುಂ ಅನ್ನುತ್ತದೆ. ಹೆಂಡತಿಗೆ ಏನನ್ನೂ ಹೇಳದೇ ಮದುವೆಯಾಗುವುದು ಬರೀ ‘ಹಾಗೆ’ ಇರುವವರ ಗುಣವೇನಲ್ಲ ಅಂತ ಈ ಸಣ್ಣ ಕಾದಂಬರಿ ನನ್ನ ತಲೆ ಮೇಲೆ ಮೊಟಕಿ ಹೇಳಿತು. ಶಾನಭಾಗರದೇ ‘ಸಕೀನಾಳ ಮುತ್ತು’ ಈಗ ಅರ್ಧ ಓದಿದ್ದೇನೆ. ಅದರ ಬಗ್ಗೆ ಈಗಲೇ ಮಾತು ಬೇಡ. ಅದರ ಗಂಡನ ಮಾತನ್ನು ಎಷ್ಟು ನಂಬಬೇಕು ಅಂತ ಇನ್ನೂ ಗೊತ್ತಾಗಿಲ್ಲ.

ಮಧ್ಯೆ ಅಣ್ಣನ ಮಗಳು ರಜಕ್ಕೆ ಬಂದಳು. ನನ್ನ ಮುಖ ನೋಡಿ, ‘ಅತ್ತೆ, ನೀವು ಬರೀ ಅಳೋ ಪುಸ್ತಕ ಓದ್ತೀರಾ’ ಅಂದು ‘ಹಾರ್ಟ್‌ಸ್ಟಾಪರ್’ ಅನ್ನುವ ಕಾಮಿಕ್ಸ್ ಪುಸ್ತಕಗಳನ್ನು ಕೊಟ್ಟಳು. ಆಲಿಸ್ ಓಸ್ಮನ್ ಬರೆದದ್ದು. ಇಂಗ್ಲೆಂಡಿನ ಶಾಲೆಯ ಇಬ್ಬರು ಹುಡುಗರು ಚಾರ್ಲಿ ಮತ್ತು ನಿಕ್, ಒಬ್ಬರ ಕೈ ಇನ್ನೊಬ್ಬರಿಗೆ ತಗುಲಿದರೆ ಪುಟದ ತುಂಬ ಎಲೆಗಳು ತೇಲುತ್ತವೆ. ಎರಡು ಸಂಜೆಗೆ ಎರಡು ಭಾಗ ಮುಗಿಸಿದೆ. ಹಗುರವಾಗಿದೆ, ಸ್ವಲ್ಪ ಸಕ್ಕರೆ ಜಾಸ್ತಿ. ಆದರೆ ಇದನ್ನು ಅವಳು ರೈಲಿನಲ್ಲಿ ಮುಖಪುಟ ಕಾಣುವ ಹಾಗೆ ಹಿಡಿದು ಓದಿಕೊಂಡು ಬಂದಿದ್ದಳು. ನನ್ನ ಕಪಾಟಿನಲ್ಲಿ ರಟ್ಟು ಹಾಕಿದ ‘ಮೋಹನಸ್ವಾಮಿ’ ನೋಡಿ, ‘ಇದ್ಯಾಕೆ ಸ್ಕೂಲ್ ಬುಕ್ ಥರ ಇದೆ?’ ಅಂದಳು. ಉತ್ತರ ಕೊಡಲಿಲ್ಲ.

ಕಟ್ಟುಕತೆ ಅಲ್ಲದ ಎರಡು ಪುಸ್ತಕಗಳನ್ನೂ ಈ ವರ್ಷ ಓದಿದೆ. ಟ್ರಾನ್ಸ್‌ಜೆಂಡರ್ ಮಹಿಳೆ ಎ. ರೇವತಿಯವರ ಆತ್ಮಕತೆಯನ್ನು ದು. ಸರಸ್ವತಿ ‘ಬದುಕು ಬಯಲು’ ಅಂತ ಕನ್ನಡಕ್ಕೆ ತಂದಿದ್ದಾರೆ. ಹೆಗ್ಗೋಡಿನ ಜನಮನದಾಟ ತಂಡ ಅದನ್ನು ನಾಟಕವಾಗಿಯೂ ಆಡಿದೆ. ಇನ್ನೊಂದು ಮಂಜಮ್ಮ ಜೋಗತಿಯವರು ಹೇಳಿ ಅರುಣ್ ಜೋಳದಕೂಡ್ಲಿಗಿ ಬರೆದುಕೊಂಡ ‘ನಡುವೆ ಸುಳಿವ ಹೆಣ್ಣು’. ಈ ಹೆಸರು ಜೇಡರ ದಾಸಿಮಯ್ಯನ ವಚನವನ್ನು ನೆನಪಿಸುತ್ತದೆ. ಮೊಲೆ ಮುಡಿ ಬಂದರೆ ಹೆಣ್ಣೆಂಬರು, ಗಡ್ಡ ಮೀಸೆ ಬಂದರೆ ಗಂಡೆಂಬರು, ನಡುವೆ ಸುಳಿವ ಆತ್ಮ ಎರಡೂ ಅಲ್ಲ. ಶಾಲೆಯಲ್ಲಿ ಇದನ್ನು ಬಾಯಿಪಾಠ ಮಾಡಿ ಎರಡು ಮಾರ್ಕ್ಸ್ ತಗೊಂಡವಳು ನಾನು. ಅದೇ ದಿನ ಬಸ್‌ಸ್ಟ್ಯಾಂಡಿನಲ್ಲಿ ಜೋಗತಿ ಬಂದರೆ ಅಮ್ಮನ ಹಿಂದೆ ಅವಿತುಕೊಳ್ಳುತ್ತಿದ್ದೆ. ಈ ಎರಡು ಪುಸ್ತಕಗಳ ಬಗ್ಗೆ ಬೇರೆಯಾಗಿಯೇ ಬರೆಯಬೇಕು. ಇಲ್ಲಿ ತುರುಕುವುದು ಸರಿಯಲ್ಲ.

ಪುಸ್ತಕದಲ್ಲಿ ಸಿಗದ ಹೆಂಡತಿ ಕೊನೆಗೆ ನನಗೆ ಸಿಕ್ಕಿದ್ದು ಸಿನಿಮಾದಲ್ಲಿ. ಮಲಯಾಳದ ‘ಕಾಥಲ್’. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಒಂದೇ ಲಿಂಗದವರ ಮದುವೆಗೆ ಮಾನ್ಯತೆ ಕೊಡಲು ಒಪ್ಪಲಿಲ್ಲ. ಮರುತಿಂಗಳು ಈ ಸಿನಿಮಾ ಬಂತು. ಮಮ್ಮೂಟ್ಟಿ ಗಂಡ, ಜ್ಯೋತಿಕಾ ಹೆಂಡತಿ ಓಮನ. ಗಂಡ ಊರಿನ ಚುನಾವಣೆಗೆ ನಿಂತಿದ್ದಾನೆ. ಹೆಂಡತಿ ಅದೇ ಹೊತ್ತಿಗೆ ಡೈವೋರ್ಸ್ ಕೇಳುತ್ತಾಳೆ, ಕಾರಣವನ್ನೂ ಕೋರ್ಟಿನಲ್ಲಿ ಹೇಳುತ್ತಾಳೆ. ಎಷ್ಟೋ ವರ್ಷ ಒಂದೇ ಮನೆಯಲ್ಲಿ ಮೆತ್ತಗೆ ಬಾಳಿದವರು. ಜ್ಯೋತಿಕಾ ಎಲ್ಲೂ ಕಿರುಚುವುದಿಲ್ಲ. ಅವಳು ಬಿಡುಗಡೆ ಕೇಳುವುದು ತನಗೊಬ್ಬಳಿಗೇ ಅಲ್ಲ, ಅವನಿಗೂ. ಇದನ್ನು ಅಮ್ಮ ಎರಡೂ ಕಣ್ಣಿನಿಂದ ನೋಡಿದಳು. ಪೊರೆ ತೆಗೆಸಿದ ಮೇಲೆ ಅವಳು ಪೂರ್ತಿ ನೋಡಿದ ಮೊದಲ ಸಿನಿಮಾ. ‘ಇವಳಿಗೆ ಬಾಯಿ ಇದೆ’ ಅಂದಳು. ಮತ್ತೆ ಸ್ವಲ್ಪ ಹೊತ್ತಿಗೆ, ‘ನಮ್ಮೋಳಿಗೆ ನಾವು ಬಾಯಿ ಬಿಡೋಕೆ ಬಿಟ್ವಾ?’ ಅಂದಳು. ಹಾಗಾದರೆ ಅಮ್ಮನಿಗೆ ಗೊತ್ತಿತ್ತು. ಎಷ್ಟು ವರ್ಷದಿಂದ ಗೊತ್ತಿತ್ತೋ ನಾನು ಕೇಳಲಿಲ್ಲ.

ಗೌರಿ ಹಬ್ಬಕ್ಕೆ ಚಿಕ್ಕಮ್ಮನ ಮಗಳು ಬಂದಾಗ ‘ಮೋಹನಸ್ವಾಮಿ’ಯನ್ನು ಕೊಟ್ಟೆ. ಕೊಡುವಾಗ ಏನೂ ಹೇಳಲಿಲ್ಲ. ಅವಳು ಹೆಸರು ನೋಡಲು ರಟ್ಟಿನೊಳಗೆ ಒಂದು ಸಲ ಇಣುಕಿ ಚೀಲಕ್ಕೆ ಹಾಕಿಕೊಂಡಳು. ನಾಲ್ಕು ತಿಂಗಳು ಸುದ್ದಿ ಇಲ್ಲ. ಸಂಕ್ರಾಂತಿಗೆ ಎಳ್ಳು ಬೀರಲು ಬಂದವಳು ಎಳ್ಳಿನ ಡಬ್ಬಿಯ ಜತೆ ಪುಸ್ತಕವನ್ನೂ ಇಟ್ಟಳು.

‘ಮೊದಲನೇ ಕತೆ ಮಾತ್ರ ಓದಿದೆ ಅಕ್ಕ.’

‘ಹೇಗಿತ್ತು?’

‘ಅವನಿಗೆ ಪಾಪ ಅನಿಸ್ತು.’ ಸಕ್ಕರೆ ಅಚ್ಚು ಒಂದನ್ನು ಕೈಯಲ್ಲಿ ತಿರುಗಿಸುತ್ತಿದ್ದಳು. ‘ಆಮೇಲೆ ಪಾಪ ಅಂದಿದ್ದಕ್ಕೆ ನನ್ನ ಮೇಲೆ ನಂಗೇ ಸಿಟ್ಟು ಬಂತು. ಎರಡು ದಿನ ಸಿಟ್ಟಿತ್ತು. ಆಮೇಲೆ ಹೋಯ್ತು.’

ಉಳಿದ ಕತೆ ಓದು ಅನ್ನಬೇಕು ಅನಿಸಿತು, ಅನ್ನಲಿಲ್ಲ. ಕಾಫಿ ಮಾಡಿದೆ. ಅವಳು ಹೋದ ಮೇಲೆ ಪುಸ್ತಕ ಎತ್ತಿಡಲು ಹೋದರೆ ಕ್ಯಾಲೆಂಡರಿನ ರಟ್ಟು ಇರಲಿಲ್ಲ. ಫೋನ್ ಮಾಡಿ ಕೇಳಿದೆ. ‘ಹರಿದಿತ್ತಕ್ಕ, ತೆಗೆದು ಬಿಸಾಕಿದೆ, ಬೇಕಿತ್ತಾ?’ ಅಂದಳು. ಬೇಡ ಅಂದೆ.

ಈಗ ಅಮ್ಮ ತಾನೇ ಓದಬಹುದು. ಕನ್ನಡಕವೂ ಬಂದಿದೆ. ಆದರೂ ರಾತ್ರಿ ಓದಿಸಿಕೊಳ್ಳುವ ರೂಢಿ ಬಿಟ್ಟಿಲ್ಲ. ಈಗ ವಸುಧೇಂದ್ರರದೇ ‘ತೇಜೋ-ತುಂಗಭದ್ರಾ’ ನಡೆಯುತ್ತಿದೆ. ದೊಡ್ಡ ಪುಸ್ತಕ, ದಿನಕ್ಕೆ ಹತ್ತು ಪುಟದ ಲೆಕ್ಕ. ಲಿಸ್ಬನ್ನಿನಲ್ಲಿ ಬೆಲ್ಲಾ, ತುಂಗಭದ್ರೆಯ ದಡದಲ್ಲಿ ಹಂಪಮ್ಮ, ನಡುವೆ ಇಡೀ ಸಮುದ್ರ. ಹಡಗಿನ ವರ್ಣನೆ ಬಂದರೆ ಅಮ್ಮ ತೂಕಡಿಸುತ್ತಾಳೆ. ಹಂಪಮ್ಮ ಬಂದ ಕೂಡಲೇ ಎದ್ದು ಕೂರುತ್ತಾಳೆ. ನಿನ್ನೆ ಕರೆಂಟ್ ಹೋಯಿತು, ಪುಸ್ತಕ ಮುಚ್ಚಿದೆ. ‘ಮೊಬೈಲ್ ಬೆಳಕಲ್ಲಿ ಓದು, ಅವಳನ್ನ ಅಲ್ಲೇ ನಿಲ್ಸಿ ಹೇಗೆ ಮಲಗೋದು?’ ಅಂದಳು.